ಆರು ಸಾವಿರದ ರೂಮು ನಾಲ್ಕೂವರೆಗೆ

ಮಾಗಡಿಯಲ್ಲಿ ಯಾರಾದರೂ ಹೊಸ ಬೈಕು ಕೊಳ್ಳಲು ಹೊರಟರೆ ಜೇಬಿನಲ್ಲಿ ದುಡ್ಡಿದೆಯೇ ಎಂದು ಆಮೇಲೆ ನೋಡಿಕೊಳ್ಳುತ್ತಾರೆ. ಸಿದ್ದಗಂಗಯ್ಯ ಬಿಡುವಾಗಿದ್ದಾರೆಯೇ ಎಂದು ಮೊದಲು ನೋಡುತ್ತಾರೆ. ಬಸ್ ಸ್ಟ್ಯಾಂಡಿನ ಹಿಂದೆ ಅವರದು ತೆಂಗಿನಕಾಯಿ ಮಂಡಿ. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಟವೆಲ್ಲು, ನಾಲಿಗೆಯಲ್ಲಿ ತಕ್ಕಡಿ. ಹಸು ಕೊಳ್ಳಲಿ, ಕನಕಪುರದಲ್ಲಿ ಮದುವೆಗೆ ಛತ್ರ ಹಿಡಿಯಲಿ, ಚನ್ನಪಟ್ಟಣದಲ್ಲಿ ಮೊಮ್ಮಗುವಿಗೆ ಮರದ ಗೊಂಬೆ ಕೊಳ್ಳಲಿ, ಮಾತಾಡುವುದಕ್ಕೆ ಒಬ್ಬರನ್ನು ಜೊತೆಗೆ ಕರೆದೊಯ್ಯುವುದು ಈ ಸೀಮೆಯ ರೂಢಿ. ಆ ಒಬ್ಬರು ಸಿದ್ದಗಂಗಯ್ಯನವರಾಗಿ ಇಪ್ಪತ್ತೈದು ವರ್ಷ ಆಗಿಹೋಗಿತ್ತು.

ಅವರ ವಿದ್ಯೆ ದೊಡ್ಡದೇನೂ ಅಲ್ಲ. ಅಂಗಡಿಯವನು ರೇಟು ಹೇಳುತ್ತಾನೆ. ಸಿದ್ದಗಂಗಯ್ಯ ಕನ್ನಡಕ ತೆಗೆದು ಟವೆಲ್ಲಿನ ತುದಿಯಲ್ಲಿ ಒರೆಸುತ್ತಾರೆ. ಒರೆಸುತ್ತಲೇ ಇರುತ್ತಾರೆ. ಆ ಗಾಜು ಅಷ್ಟು ಕೊಳೆಯಾಗಿರುವುದಿಲ್ಲ, ಆದರೆ ಅಂಗಡಿಯವನ ಮನಸ್ಸು ಅಷ್ಟರಲ್ಲಿ ಮೆತ್ತಗಾಗಿರುತ್ತದೆ. ಇದಕ್ಕೆ ಅವರು ಕಮಿಷನ್ ಮುಟ್ಟಿದವರಲ್ಲ. ಕಮಿಷನ್ ತೆಗೆದುಕೊಂಡರೆ ಅದು ಕಸುಬು, ತೆಗೆದುಕೊಳ್ಳದಿದ್ದರೆ ಕೀರ್ತಿ. ಕೀರ್ತಿಗೆ ಜಿಎಸ್‌ಟಿಯೂ ಇಲ್ಲ. ವ್ಯಾಪಾರ ಕುದುರಿದ ಮೇಲೆ ಒಂದು ಸ್ಟ್ರಾಂಗ್ ಕಾಫಿ, ಕಾಫಿಯ ಜೊತೆಗೆ ‘ನೀವಿರ್ಲಿಲ್ಲ ಅಂದಿದ್ರೆ ಆಯ್ತಿರ್ಲಿಲ್ಲ ಬುಡಿ’ ಎಂಬ ಒಂದು ಮಾತು, ಇಷ್ಟು ಸಿಕ್ಕರೆ ಅವರಿಗೆ ಆ ದಿನ ಊಟ ರುಚಿಸುತ್ತಿತ್ತು.

ಅವರ ಹೆಂಡತಿ ರೇವಮ್ಮ ಮಾತ್ರ ತರಕಾರಿಗೆ ಒಬ್ಬರೇ ಹೋಗುತ್ತಿದ್ದರು. "ಇವ್ರು ಜೊತೇಲಿ ಬಂದ್ರೆ ಆ ಹೆಂಗಸ್ರು ಒಳ್ಳೇ ಬದನೆಕಾಯೆಲ್ಲಾ ಗೋಣಿ ಕೆಳಗೆ ಬಚ್ಚಿಡ್ತಾರೆ" ಎಂಬುದು ಅವರ ದೂರು.

ಮಂಡಿಯೊಳಗೆ ಸಿದ್ದಗಂಗಯ್ಯನವರದೇ ಒಂದು ಕಾನೂನಿತ್ತು. ರೈತ ತಂದ ಲೋಡಿನಲ್ಲಿ ಯಾವುದೋ ಒಂದು ಚೀಲ ಬಿಚ್ಚಿಸಿ ನೋಡುವುದು. ಅದರಲ್ಲಿ ಕಾಯಿ ಸಣ್ಣದೋ ಒಣಕಲೋ ಸಿಕ್ಕಿದರೆ ಆ ಚೀಲಕ್ಕೆ ಮಾತ್ರವಲ್ಲ, ಇಡೀ ಲೋಡಿಗೇ ಎರಡನೇ ದರ್ಜೆಯ ರೇಟು. "ಒಂದು ಅಗುಳು ಹಿಸುಕಿದ್ರೆ ಅನ್ನ ಬೆಂದಿರೋದು ಗೊತ್ತಾಗಲ್ವಾ?" ಎನ್ನುತ್ತಿದ್ದರು. ರೈತರು ಗೊಣಗುತ್ತಿದ್ದರು, ಆದರೂ ಕೊಡುತ್ತಿದ್ದರು. ಎಣಿಕೆಯಲ್ಲಿ ಮೋಸವಿಲ್ಲದ, ದುಡ್ಡು ಕೈಗೇ ಕೊಡುವ ಮಂಡಿ ಊರಿಗೆ ಅದೊಂದೇ.

ಹಾಗೆ ಗೊಣಗುತ್ತ ಕೊಡುವವರಲ್ಲಿ ತಿಪ್ಪಸಂದ್ರದ ಕಡೆಯ ಕರಿಯಪ್ಪನೂ ಒಬ್ಬ. ನೂರಿಪ್ಪತ್ತು ತೆಂಗು, ಒಂದೆಕರೆ ಹಿಪ್ಪುನೇರಳೆ, ಎರಡು ಸೀಮೆಹಸು. ಹೊಟ್ಟೆಬಟ್ಟೆಗೆ ತೊಂದರೆಯಿಲ್ಲದ ಮನುಷ್ಯ. ತೊಂದರೆ ಇದ್ದದ್ದು ರೇಷ್ಮೆಹುಳದ್ದು. ಹುಳ ಸಾಕುವುದಕ್ಕೆ ಬೇರೆ ಮನೆಯಿಲ್ಲದೆ ತಟ್ಟೆಗಳೆಲ್ಲ ನಡುಮನೆಯಲ್ಲೇ ಇದ್ದವು. ಹುಳ ಒಳಗೆ, ಜನ ಜಗಲಿಯ ಮೇಲೆ. ಅವನ ಹೆಂಡತಿ ಚಿಕ್ಕಲಕ್ಷ್ಮಮ್ಮ ಮದುವೆಯಾಗಿ ಬಂದಾಗಿನಿಂದ ಸೊಪ್ಪಿನ ವಾಸನೆಯಲ್ಲೇ ಮಲಗಿ ಎದ್ದವಳು. ಈ ವರ್ಷ ಹಿತ್ತಲಲ್ಲಿ ಹುಳದ ಮನೆಗೆ ಗೋಡೆ ಎದ್ದಿತ್ತು. ಶೀಟು ಹಾಕಿಸುವ ದುಡ್ಡನ್ನು ಕರಿಯಪ್ಪ ಬೇರೆಯಾಗಿಯೇ ತೆಗೆದಿಟ್ಟಿದ್ದ.

ಅಷ್ಟರಲ್ಲಿ ಚಿಕ್ಕಲಕ್ಷ್ಮಮ್ಮ ಸಗಣಿ ಮಂಕರಿ ಹೊತ್ತು ಕೊಟ್ಟಿಗೆಯಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು.

ಕರಿಯಪ್ಪ ಮೊದಲು ಫೋನು ಮಾಡಿದ್ದು ಆಂಬುಲೆನ್ಸಿಗೆ, ಎರಡನೆಯದು ಸಿದ್ದಗಂಗಯ್ಯನವರಿಗೆ. "ಸಾವ್ಕಾರ್ರೇ, ರಾಮನಗರಕ್ಕೆ ಕರ್ಕೊಂಡೋಯ್ತಾ ಇವ್ನಿ. ಒಸಿ ಬರ್ಬೇಕಲ್ಲ. ಆಸ್ಪತ್ರೇಲಿ ನಂಗೆ ಮಾತು ಬರಾಕಿಲ್ಲ."

ಸಿದ್ದಗಂಗಯ್ಯ ಮಂಡಿಯ ಬಾಗಿಲು ಎಳೆದುಕೊಂಡು ಸಿಕ್ಕ ಬಸ್ಸು ಹತ್ತಿದರು. ಅವರಿಗೆ ಕರಿಯಪ್ಪನ ಮೇಲೆ ಪ್ರೀತಿಯಿದ್ದದ್ದು ನಿಜ. ಆಸ್ಪತ್ರೆಯಲ್ಲಿ ಇದುವರೆಗೂ ಚೌಕಾಶಿ ಮಾಡಿರಲಿಲ್ಲ ಎಂಬ ಹುರುಪು ಒಳಗೊಳಗೇ ಇದ್ದದ್ದೂ ನಿಜ.

ಆ ಖಾಸಗಿ ಆಸ್ಪತ್ರೆಯ ವಿಮೆಯ ಟೇಬಲ್ಲಿನಲ್ಲಿ ಸ್ಪಂದನಾ ಎಂಬ ಹುಡುಗಿ ಕೂತಿದ್ದಳು. ಕರಿಯಪ್ಪ ಮೂರು ವರ್ಷದಿಂದ ಕಂತು ಕಟ್ಟುತ್ತಿದ್ದ ಆರೋಗ್ಯ ವಿಮೆಯ ಕಾರ್ಡನ್ನು ನೋಡಿ ಹೇಳಿದಳು: "ಮೂರು ಲಕ್ಷದ ಪಾಲಿಸಿ. ರೂಮಿಗೆ ದಿನಕ್ಕೆ ಮೂರು ಸಾವಿರದವರೆಗೂ ಕೊಡ್ತಾರೆ ಅಂಕಲ್. ಇಬ್ರು ಇರೋ ಶೇರಿಂಗ್ ರೂಮು ಕರೆಕ್ಟಾಗಿ ಮೂರು ಸಾವಿರ. ಒಂದು ಬೆಡ್ ಖಾಲಿ ಇದೆ, ಹಾಕ್ಲಾ?"

"ಸಿಂಗಲ್ ರೂಮು ಎಷ್ಟಮ್ಮ?" ಎಂದರು ಸಿದ್ದಗಂಗಯ್ಯ. ಬೇಕೆಂದು ಕೇಳಿದ್ದಲ್ಲ. ಕೊಳ್ಳುವ ಸೀರೆಯ ಜೊತೆಗೆ ಕೊಳ್ಳದ ಸೀರೆಯ ರೇಟನ್ನೂ ಕೇಳುವುದು ಅವರ ಹಳೆಯ ಚಾಳಿ.

"ಆರು ಸಾವಿರ."

ಸಿದ್ದಗಂಗಯ್ಯ ಕನ್ನಡಕ ತೆಗೆದರು.

"ಅಂಕಲ್, ಅದು ಬೇಡ. ಲಿಮಿಟ್ ದಾಟಿದ್ರೆ ರೂಮಿಗೆ ಮಾತ್ರ ಅಲ್ಲ, ಬೇರೆದಕ್ಕೂ…"

"ಅದೆಲ್ಲ ಇರ್ಲಮ್ಮ. ಆರು ಯಾಕೆ ಅಂತ ಮೊದ್ಲು ಹೇಳು. ಗೋಡೆಗೆ ಬೆಳ್ಳಿ ತಗಡು ಹೊಡ್ಸವ್ರಾ?"

ಕರಿಯಪ್ಪ ನಕ್ಕ. ಹಿಂದೆ ನಿಂತವರೂ ನಕ್ಕರು. ನಗುವವರಿದ್ದರೆ ಸಿದ್ದಗಂಗಯ್ಯನವರಿಗೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಸ್ಟ್ರೆಚರಿನ ಮೇಲಿಂದ ಚಿಕ್ಕಲಕ್ಷ್ಮಮ್ಮ ನರಳುತ್ತಲೇ ಕೂಗಿದಳು: "ಸಾವ್ಕಾರಣ್ಣ, ಆ ಇಬ್ರು ಇರೋ ರೂಮೇ ಇರ್ಲಿ. ಮಾತಾಡಾಕೆ ಒಂದು ಜನ ಇರ್ತದೆ."

"ಸುಮ್ನಿರವ್ವ. ನಿನ್ನ ಸೊಂಟ ನೀ ನೋಡ್ಕೊ, ರೇಟು ನಾ ನೋಡ್ಕೋತೀನಿ."

ಸ್ಪಂದನಾ ಮತ್ತೆ ಬಾಯಿ ತೆರೆದಳು. ಸಿದ್ದಗಂಗಯ್ಯ ಮ್ಯಾನೇಜರನ್ನು ಕರೆಸಿದರು. ಐದೂವರೆ ಎಂದ. ಕನ್ನಡಕ ಒರೆಸಿದರು. ಐದು ಎಂದ. "ಬಾ ಕರಿಯಪ್ಪ, ಬೇರೆ ಆಸ್ಪತ್ರೆಗೆ ಹೋಗನ" ಎಂದು ಸ್ಟ್ರೆಚರಿಗೆ ಕೈ ಹಾಕಿದರು. ನಾಲ್ಕೂವರೆಗೆ ಇಳಿಯಿತು. ಮೇಲಿನ ಒಂದೂವರೆ ಸಾವಿರ ನಾವೇ ಕೊಟ್ಟುಕೊಂಡರಾಯಿತು, ನಾಲ್ಕೈದು ದಿನಕ್ಕೆ ಎಷ್ಟಾದೀತು ಎಂದು ಮನಸ್ಸಿನಲ್ಲೇ ಕೂಡಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ಅದು ತೆಂಗಿನಕಾಯಿಯ ಲೆಕ್ಕ, ಅಷ್ಟೇ.

ಕ್ಯಾಂಟೀನಿನಲ್ಲಿ ಕರಿಯಪ್ಪ ಕಾಫಿ ಕೊಡಿಸಿದ. "ಆರು ಸಾವಿರದ್ದು ನಾಲ್ಕೂವರೆಗೆ! ನೀವಿರ್ಲಿಲ್ಲ ಅಂದಿದ್ರೆ ಆಯ್ತಿರ್ಲಿಲ್ಲ ಬುಡಿ." ಕಾಫಿ ಬಹಳ ಚೆನ್ನಾಗಿತ್ತು.

ಆಪರೇಷನ್ ಆಯಿತು, ರಾಡು ಹಾಕಿದರು. ಮಾರನೆಯ ದಿನ ಸಿದ್ದಗಂಗಯ್ಯ ಎಳನೀರು ಹಿಡಿದು ನೋಡಲು ಹೋದರೆ ಚಿಕ್ಕಲಕ್ಷ್ಮಮ್ಮ ತಣ್ಣನೆಯ ರೂಮಿನಲ್ಲಿ ಒಬ್ಬಳೇ ಮಲಗಿ ಗೋಡೆ ನೋಡುತ್ತಿದ್ದಳು. ಸೋಫಾ ಇತ್ತು, ಟಿವಿ ಇತ್ತು. "ಹೆಂಗೈತವ್ವ ರೂಮು?" ಎಂದು ಕೇಳಿದರು. "ಹೆಣ ಇಡೋ ರೂಮಿದ್ದಂಗೈತೆ ಕಣಣ್ಣ. ತಣ್ಣಗೆ, ಬೆಳ್ಳಗೆ, ಮಾತಿಲ್ಲ ಕತೆಯಿಲ್ಲ" ಎಂದಳು.

ಅದರ ಮಾರನೆಯ ದಿನ ಹೋದಾಗ ರೂಮಿನಲ್ಲಿ ಅವಳೇ ಇರಲಿಲ್ಲ. ಹುಡುಕಿದರೆ ಮೂರು ಬಾಗಿಲು ಆಚೆಯ ಶೇರಿಂಗ್ ರೂಮಿನಲ್ಲಿ ವೀಲ್‌ಚೇರಿನ ಮೇಲೆ ಕೂತು ತಾಹೇರಾ ಎಂಬ ಹೆಂಗಸಿನ ಜೊತೆ ನಗುತ್ತಿದ್ದಾಳೆ. ತಾಹೇರಾ ರಾಮನಗರದವಳೇ, ರೇಷ್ಮೆ ಬಿಚ್ಚುವ ಮನೆಯವಳು. ಬಚ್ಚಲಲ್ಲಿ ಬಿದ್ದು ಅವಳಿಗೂ ಸೊಂಟವೇ ಮುರಿದಿತ್ತು. ಅದೇ ಡಾಕ್ಟರು, ಅಂಥದೇ ರಾಡು. ಒಬ್ಬಳು ಹುಳ ಸಾಕುವವಳು, ಇನ್ನೊಬ್ಬಳು ಆ ಹುಳದ ಗೂಡಿನಿಂದ ನೂಲು ತೆಗೆಯುವವಳು, ಮಾತಿಗೆ ಬರವೇ? "ನೀವು ಸಾಕಿದ್ದ ಹುಳದ ನೂಲು ನಮ್ಮ ಕೈಯಾಗೆ ತುಂಡು ತುಂಡು ಆಗ್ತದೆ ಅಕ್ಕಾ" ಎಂದು ತಾಹೇರಾ ರೇಗಿಸುತ್ತಿದ್ದಳು. ಪಕ್ಕದ ಮಂಚ ಖಾಲಿಯಾಗಿಯೇ ಇತ್ತು. ಹಾಸಿಗೆ ಹಾಸಿ, ದಿಂಬು ಇಟ್ಟು, ಯಾರೋ ಬರುತ್ತಾರೆ ಎಂಬಂತೆ ಕಾಯುತ್ತಿತ್ತು. ಆ ಮಂಚದ ಕಡೆ ಸಿದ್ದಗಂಗಯ್ಯ ಯಾಕೋ ಹೆಚ್ಚು ಹೊತ್ತು ನೋಡಲಿಲ್ಲ.

ಇಬ್ಬರಿಗೂ ಒಂದೇ ದಿನ ಡಿಸ್ಚಾರ್ಜು. ಚಿಕ್ಕಲಕ್ಷ್ಮಮ್ಮನ ಬಿಲ್ಲು ಎರಡು ಲಕ್ಷ ನಲವತ್ತು ಸಾವಿರ. ವಿಮೆ ಕಂಪನಿ ಕೊಟ್ಟದ್ದು ಒಂದು ಲಕ್ಷ ಎಂಬತ್ತೆರಡು. ಮಿಕ್ಕ ಐವತ್ತೆಂಟು ಸಾವಿರ ಕರಿಯಪ್ಪನ ತಲೆಯ ಮೇಲೆ. ಅದೇ ಕೌಂಟರಿನಲ್ಲಿ ತಾಹೇರಾಳ ತಮ್ಮ ಸಾದಿಕ್ ಹತ್ತು ಸಾವಿರ ಚಿಲ್ಲರೆ ಎಣಿಸಿ ಕೊಟ್ಟು, "ಹತ್ತಿಗೂ ಗ್ಲೌಸಿಗೂ ಕಂಪ್ನಿ ಕಾಸು ಕೊಡಲ್ವಂತೆ, ಡಾಕ್ಟ್ರು ಬರೀ ಕೈಯಲ್ಲಿ ಕುಯ್ಬೇಕಾಗಿತ್ತಾ?" ಎಂದು ಬೈಯುತ್ತ ಹೋದ. ಅವಳದೂ ಮೂರು ಲಕ್ಷದ ಪಾಲಿಸಿಯೇ.

ಸಿದ್ದಗಂಗಯ್ಯ ಕೆಂಡವಾದರು. "ನೀನು ಇಲ್ಲೇ ಇರು ಕರಿಯಪ್ಪ" ಎಂದು ಒಬ್ಬರೇ ಸ್ಪಂದನಾಳ ಟೇಬಲ್ಲಿಗೆ ನುಗ್ಗಿದರು.

"ಏನಮ್ಮಾ ಇದು? ಅದೇ ರಾಡು, ಅದೇ ಡಾಕ್ಟ್ರು. ಅವ್ರಿಗೆ ಹತ್ತು, ನಮಗೆ ಐವತ್ತೆಂಟಾ? ರೂಮಿನ ಮೇಲಿನ ದುಡ್ಡು ನಾವೇ ಕೊಡ್ತೀವಿ, ಐದು ದಿನಕ್ಕೆ ಏಳೂವರೆ ಸಾವಿರ ಆಯ್ತದೆ. ಮಿಕ್ಕಿದ್ದು ಎಲ್ಲಿಂದ ಬಂತು?"

ಸ್ಪಂದನಾ ನಿಧಾನವಾಗಿ ಹೇಳಿದಳು. "ಅಂಕಲ್, ನಿಮ್ಮ ಪಾಲಿಸಿಗೆ ಮೂರು ಸಾವಿರದ ರೂಮು. ನೀವು ತಗೊಂಡಿದ್ದು ನಾಲ್ಕೂವರೆದು. ಮೂರರಲ್ಲಿ ಎರಡು ಪಾಲು ಮಾತ್ರ ನಿಮಗೆ ಸಲ್ಲತ್ತೆ ಅಂತ ಕಂಪನಿ ಹಿಡಿಯತ್ತೆ. ರೂಮಿಗೆ ಮಾತ್ರ ಅಲ್ಲ. ಡಾಕ್ಟರ್ ಫೀಸು, ಆಪರೇಷನ್ ಥಿಯೇಟರು, ನರ್ಸಿಂಗು, ಎಲ್ಲಾದಕ್ಕೂ ಮೂರರಲ್ಲಿ ಎರಡು ಪಾಲೇ. ಔಷಧಿ, ರಾಡು, ಟೆಸ್ಟು ಬಿಟ್ಟಿದಾರೆ. ಅದಕ್ಕೇ ಇಷ್ಟಾದ್ರೂ ಬಂತು."

"ರೂಮು ದೊಡ್ಡದಾದ್ರೆ ಡಾಕ್ಟ್ರ ಫೀಸು ಯಾಕಮ್ಮ ಕುಯ್ತಾರೆ? ಒಂದಕ್ಕೂ ಇನ್ನೊಂದಕ್ಕೂ ಏನು…"

ಅವರ ಮಾತು ಅಲ್ಲಿಯೇ ನಿಂತಿತು. ಬೇರೆ ಯಾರಿಗಾದರೂ ಈ ಲೆಕ್ಕ ಅರ್ಥವಾಗಲು ಒಂದು ತಿಂಗಳು ಬೇಕಾಗುತ್ತಿತ್ತೇನೋ. ಸಿದ್ದಗಂಗಯ್ಯನವರಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಒಂದು ಚೀಲ ಸರಿಯಿಲ್ಲದಿದ್ದರೆ ಇಡೀ ಲೋಡಿಗೆ ಎರಡನೇ ದರ್ಜೆ. ಇದು ಅವರದೇ ಕಾನೂನು. ಮಾಗಡಿಯಲ್ಲಿ ಅವರೊಬ್ಬರೇ ಕಂಡುಹಿಡಿದದ್ದು ಎಂದುಕೊಂಡಿದ್ದರು. ಎಲ್ಲೋ ದೊಡ್ಡ ಊರಿನ ಎಸಿ ಆಫೀಸಿನಲ್ಲಿ ಕೂತ ಯಾರೋ ಅದನ್ನೇ ಟೈ ಕಟ್ಟಿಕೊಂಡು ಮಾಡುತ್ತಿದ್ದರು.

"ಆವತ್ತೇ ಹೇಳಕ್ಕೆ ಬಂದೆ ಅಂಕಲ್," ಎಂದಳು ಸ್ಪಂದನಾ. "ನೀವು ಬೆಳ್ಳಿ ತಗಡು ಅಂದ್ರಿ."

ಹೊರಗೆ ಬಂದಾಗ ಕರಿಯಪ್ಪ ಬೆಂಚಿನ ಮೇಲೆ ಕೂತಿದ್ದ. "ಏನಂತೆ ಸಾವ್ಕಾರ್ರೇ?"

ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲಿತ್ತು. ಸಿದ್ದಗಂಗಯ್ಯ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಈ ಕಂಪ್ನಿಯೋರು ಹಿಂಗೇ ಕಣಪ್ಪ" ಎಂದರು.

"ಗೊತ್ತಾಯ್ತು ಬುಡಿ. ನೀವಿದ್ದೂ ಇಷ್ಟು ಕಿತ್ಕೊಂಡವ್ರೆ. ನೀವಿರ್ಲಿಲ್ಲ ಅಂದಿದ್ರೆ ಚರ್ಮ ಸುಲೀತಿದ್ರು."

ಹೀಗೆಂದು ಕರಿಯಪ್ಪ ಮತ್ತೆ ಕಾಫಿ ಕೊಡಿಸಿದ. ಶೀಟಿನ ದುಡ್ಡು ಕೌಂಟರಿನ ಒಳಗೆ ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಸಿದ್ದಗಂಗಯ್ಯ ಕಾಫಿಯನ್ನು ಬಾಯಿಗೆ ಇಟ್ಟರು. ಅದೇ ಕ್ಯಾಂಟೀನು, ಅದೇ ಕಾಫಿ, ರುಚಿ ಮಾತ್ರ ಇರಲಿಲ್ಲ.

ಅಲ್ಲಿಂದ ಮುಂದೆ ಅವರಿಗೆ ಒಂದು ವಿಚಿತ್ರ ಕಾಯಿಲೆ ಹಿಡಿಯಿತು. ಆಟೋದವನು ಎಂಬತ್ತು ಎಂದರೆ ಎಂಬತ್ತು ಕೊಟ್ಟರು. ಹೂವಿನವಳು ಮೊಳಕ್ಕೆ ಮೂವತ್ತು ಎಂದರೆ ಸುಮ್ಮನೆ ತೆಗೆದುಕೊಂಡು ಬಂದರು. ಆ ಹೂವಿನವಳೇ ಗಾಬರಿಯಾಗಿ ಒಂದು ಗೇಣು ಜಾಸ್ತಿ ಹಾಕಿಕೊಟ್ಟಳು. ರೇವಮ್ಮ ಗಂಡನ ಹಣೆ ಮುಟ್ಟಿ ನೋಡಿದರು.

"ಜ್ವರ ಇಲ್ಲ. ಮತ್ತೇನಾಯ್ತು ನಿಮಗೆ?"

ಹೇಳಿದರು. ಹೆಂಡತಿಯ ಮುಂದೆಯೂ ಸುಲಭವಾಗಿ ಬರಲಿಲ್ಲ. ಮೊದಲು ಕಂಪನಿಯನ್ನು ಬೈದು, ಆಮೇಲೆ ಮ್ಯಾನೇಜರನ್ನು ಬೈದು, ಬೈಯಲು ಇನ್ನು ಯಾರೂ ಉಳಿಯದಿದ್ದಾಗ ತಮ್ಮ ಹೆಸರು ಹೇಳಿದರು.

"ಆ ಹುಡುಗಿ ಹೇಳಕ್ಕೆ ಬಂದಿದ್ಲು ರೇವಾ. ಎರಡು ಸಲ ಬಾಯಿ ತೆಗೆದ್ಲು. ಚಿಕ್ಕಲಕ್ಷ್ಮಮ್ಮನೂ ಬೇಡ ಅಂದ್ಲು. ಆ ರೂಮು ಯಾರಿಗೂ ಬೇಕಿರ್ಲಿಲ್ಲ ಕಣೆ. ಕಮ್ಮಿಗೆ ಸಿಗ್ತಾ ಐತಲ್ಲ ಅಂತ ಕೊಂಡ್ಬುಟ್ಟೆ. ಅದೂ ಇನ್ನೊಬ್ಬನ ದುಡ್ಡಲ್ಲಿ."

"ಹೋಗಿ ಅವನಿಗೆ ಹೇಳಿ, ಮುಗೀತಲ್ಲ."

"ಹೇಳಿದ್ರೆ ನಾಳೆ ನನ್ನ ಯಾರು ಕರೀತಾರೆ?"

"ಕರೀದಿದ್ರೆ ಹೋಗೋದೇನು, ಒಂದು ಕಾಫಿ ತಾನೆ? ಮನೇಲೇ ಮಾಡ್ಕೊಡ್ತೀನಿ."

ಹೆಂಡತಿ ಹೇಳಿದ್ದು ಸರಿಯಾಗಿತ್ತು. ಸರಿಯಾದ ಮಾತು ಯಾವತ್ತೂ ದುಬಾರಿ, ಆದ್ದರಿಂದ ಸಿದ್ದಗಂಗಯ್ಯ ಅಗ್ಗದ ದಾರಿಯೊಂದನ್ನು ಹುಡುಕಿದರು. ಬಾಯಿಬಿಟ್ಟು ಹೇಳದೆಯೇ ತಪ್ಪು ತೀರಿಸುವ ದಾರಿ. ಕರಿಯಪ್ಪ ಹೇಗೂ ಶೀಟಿಗೆಂದು ಕಾಯಿ ಮಾರಲು ಬರುತ್ತಾನೆ. ಆಗ ರೇಟು ಜಾಸ್ತಿ ಕೊಟ್ಟರಾಯಿತು. ಅವನಿಗೆ ದುಡ್ಡು ಸೇರುತ್ತದೆ, ತಮ್ಮ ಮಾನ ತಮ್ಮ ಹತ್ತಿರ ಇರುತ್ತದೆ.

ಕರಿಯಪ್ಪ ಬಂದ. ಟ್ರಾಕ್ಟರಿನಲ್ಲಿ ನಾಲ್ಕು ಸಾವಿರ ಕಾಯಿ. ಆವತ್ತು ಪೇಟೆಯಲ್ಲಿ ಕಾಯಿಗೆ ಇಪ್ಪತ್ತು ರೂಪಾಯಿ ನಡೆಯುತ್ತಿತ್ತು. ರೂಢಿಯಂತೆ ಸಿದ್ದಗಂಗಯ್ಯ ಹದಿನಾರು ಎನ್ನಬೇಕು, ಕರಿಯಪ್ಪ ತಲೆ ಮೇಲೆ ಕೈ ಹೊತ್ತು ಕೂರಬೇಕು, ಹದಿನೆಂಟೂವರೆಗೆ ಇಬ್ಬರೂ ಬೈದುಕೊಂಡು ಒಪ್ಪಬೇಕು.

"ಇಪ್ಪತ್ತಾರು ಕೊಡ್ತೀನಿ ಕಣಪ್ಪ, ಇಳಿಸು" ಎಂದರು ಸಿದ್ದಗಂಗಯ್ಯ. ಚೀಲ ಬಿಚ್ಚಿಸಲೂ ಇಲ್ಲ.

ಕರಿಯಪ್ಪನ ಮುಖದಲ್ಲಿ ಸಂತೋಷ ಬರಲಿಲ್ಲ. ಅವನ ಕಣ್ಣು ಚಿಕ್ಕದಾಯಿತು. "ಇಪ್ಪತ್ತಾರಾ?"

"ಹೂಂ."

"ನೀವಾಗೇ?"

"ನಾನಾಗೇ ಕಣಯ್ಯ. ಯಾಕೆ, ಕೊಡಬಾರ್ದಾ?"

ಕರಿಯಪ್ಪ ಟ್ರಾಕ್ಟರಿನ ಸುತ್ತ ಒಂದು ಸಲ ನಡೆದ. ತನ್ನ ಕಾಯಿಯನ್ನೇ ಹೊಸದಾಗಿ ನೋಡುವವನಂತೆ ನೋಡಿದ. ಆಮೇಲೆ ಹತ್ತಿರ ಬಂದು ಪಿಸುಗುಟ್ಟಿದ: "ಇಪ್ಪತ್ತು ವರ್ಸದಲ್ಲಿ ನೀವು ಪೇಟೆಗಿಂತ ನಾಲ್ಕಾಣೆ ಜಾಸ್ತಿ ಕೊಟ್ಟೋರಲ್ಲ. ನಿಮಗೆ ಏನೋ ಸಮಾಚಾರ ಬಂದೈತೆ. ರೇಟು ನಲವತ್ತಕ್ಕೆ ಹೋಯ್ತದಾ?"

"ಅಯ್ಯೋ ಶಿವನೇ, ಹಂಗೇನಿಲ್ಲ ಕಣೋ!"

"ನೀವು ಹಂಗೇನಿಲ್ಲ ಅಂದ್ರೆ ಹಂಗೇ ಐತೆ ಅಂತ. ನನಗೆ ಗೊತ್ತಿಲ್ವಾ ನಿಮ್ಮ ಆಟ?" ಎಂದು ಕರಿಯಪ್ಪ ಕಣ್ಣು ಹೊಡೆದ. ಟ್ರಾಕ್ಟರು ತಿರುಗಿತು. "ಕಾಯಿ ಮಾರ್ಬುಡು ಕಣಪ್ಪಾ, ನನ್ನ ಮಾತು ಕೇಳು" ಎಂದು ಸಿದ್ದಗಂಗಯ್ಯ ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಹೋದರು. ಅವರು ಹಿಂದೆ ಬಂದಷ್ಟೂ ಕರಿಯಪ್ಪನಿಗೆ ನಂಬಿಕೆ ಗಟ್ಟಿಯಾಯಿತು. ಸಿದ್ದಗಂಗಯ್ಯ ಕಾಯಿಗಾಗಿ ಓಡಿ ಬಂದರೆಂಬ ಸುದ್ದಿ ತಿಪ್ಪಸಂದ್ರದ ಕಡೆಯ ನಾಲ್ಕು ಹಳ್ಳಿಗೂ ಹಬ್ಬಿ, ಇನ್ನೂ ಕೆಲವರು ಕಾಯಿ ಹಿಡಿದಿಟ್ಟರು.

ರೇಟು ಏರಲಿಲ್ಲ. ಇಪ್ಪತ್ತರಿಂದ ಹದಿನೆಂಟು, ಹದಿನೆಂಟರಿಂದ ಹದಿನಾರಕ್ಕೆ ಬಂತು. ಕರಿಯಪ್ಪನ ಹಿತ್ತಲಲ್ಲಿ ಕಾಯಿ ರಾಶಿ ಬಿದ್ದಿತ್ತು, ಅದರ ಪಕ್ಕದಲ್ಲಿ ಹುಳದ ಮನೆಯ ಗೋಡೆಗಳು ಆಕಾಶ ನೋಡುತ್ತಿದ್ದವು. ಹೊಸ ಹುಳದ ಬೆಳೆ ಬಂದಾಗ ತಟ್ಟೆಗಳು ಮತ್ತೆ ನಡುಮನೆಗೇ ಹೋದವು. ಕೋಲಿನ ಕುರ್ಚಿಯಂಥ ವಾಕರು ಹಿಡಿದು ನಡೆಯುವ ಚಿಕ್ಕಲಕ್ಷ್ಮಮ್ಮ ಆ ತಟ್ಟೆಗಳ ನಡುವೆ ತಿರುಗಲಾರದೆ ಜಗಲಿಯ ಮೇಲೆ ಮಲಗುತ್ತಿದ್ದಾಳೆಂದು ಸಿದ್ದಗಂಗಯ್ಯನವರ ಕಿವಿಗೆ ಬಿತ್ತು. ಮುಚ್ಚಿಕೊಂಡ ತಪ್ಪು ಒಂದಿತ್ತು, ಮುಚ್ಚಲು ಹೋಗಿ ಎರಡಾಯಿತು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಅಸಲು ಹಾಗೇ ಇತ್ತು, ಬಡ್ಡಿ ಬೆಳೆಯುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಕರಿಯಪ್ಪ ತನ್ನ ಅಣ್ಣನ ಮಗ ದೇವರಾಜುವನ್ನು ಕರೆದುಕೊಂಡು ಮಂಡಿಗೆ ಬಂದ. ದೇವರಾಜುವಿನ ತಾಯಿಗೆ ಪಿತ್ತಕೋಶದಲ್ಲಿ ಕಲ್ಲು, ಅದೇ ಆಸ್ಪತ್ರೆ, ಅಂಥದೇ ವಿಮೆ. "ನಾನೇ ಹೇಳ್ದೆ ಕಣ್ರೀ, ಸಾವ್ಕಾರ್ರು ಇಲ್ದೆ ಹೋಗ್ಬ್ಯಾಡ ಕಣ್ಲಾ, ಸುಲಿದಾಕ್ತಾರೆ ಅಂತ" ಎಂದ ಕರಿಯಪ್ಪ, ಹೆಮ್ಮೆಯಿಂದ.

ಸಿದ್ದಗಂಗಯ್ಯ ಕಾಲುನೋವು ಎಂದರು. ಆಟೋ ತಂದಿದ್ದೀವಿ ಎಂದ ದೇವರಾಜು. ಮಂಡಿಯಲ್ಲಿ ಕೆಲಸವಿದೆ ಎಂದರು. ಕಾಯಿಯೇ ಬರದ ಮಂಡಿಯಲ್ಲಿ ಏನು ಕೆಲಸ ಎಂದು ಕರಿಯಪ್ಪ ನಕ್ಕ. ಹೋಗಲೇಬೇಕಾಯಿತು.

ಆಸ್ಪತ್ರೆಯ ಟೇಬಲ್ಲಿನಲ್ಲಿ ಸ್ಪಂದನಾ ಇವರನ್ನು ನೋಡಿ ಸಣ್ಣಗೆ ತಲೆ ಬಗ್ಗಿಸಿದಳು. ಸಿದ್ದಗಂಗಯ್ಯ ಬೇಗ ಬೇಗ ಹೇಳಿದರು: "ಶೇರಿಂಗ್ ರೂಮು ಹಾಕಮ್ಮ. ಮೂರು ಸಾವಿರದ್ದು. ಬೇರೆ ಮಾತೇ ಬೇಡ."

ಅಷ್ಟರಲ್ಲಿ ಆ ಮ್ಯಾನೇಜರು ಹಳೆಯ ಗಿರಾಕಿಯನ್ನು ಕಂಡ ಖುಷಿಯಲ್ಲಿ ತಾನಾಗಿಯೇ ಎದ್ದು ಬಂದ. "ಓಹೋ, ಬನ್ನಿ ಯಜಮಾನ್ರೇ! ನಿಮ್ಮ ಹತ್ರ ಗೆಲ್ಲಕ್ಕಾಗಲ್ಲ. ಸಿಂಗಲ್ ರೂಮು, ನಿಮಗೆ ಅಂತ ನಾಲ್ಕು ಸಾವಿರ. ಆಯ್ತಾ?"

"ನಾಲ್ಕಾ!" ಎಂದ ಕರಿಯಪ್ಪ. "ನಮ್ದಕ್ಕಿಂತ ಐನೂರು ಕಮ್ಮಿ! ನೋಡ್ದೇನ್ಲಾ ದೇವ, ಇವ್ರು ಬಾಯೇ ತೆಗೀಲಿಲ್ಲ, ಮುಖ ನೋಡೇ ಇಳಿಸ್ಬುಟ್ರು! ಹಾಕ್ಸು, ಹಾಕ್ಸು."

ದೇವರಾಜು ಸಹಿ ಮಾಡಲು ಪೆನ್ನು ತೆಗೆದ. ಅವನ ತಾಯಿ ಹೊಟ್ಟೆ ಹಿಡಿದು ಬೆಂಚಿನ ಮೇಲೆ ಕೂತಿದ್ದಳು. ಸಿದ್ದಗಂಗಯ್ಯನವರ ಕೈ ಕನ್ನಡಕಕ್ಕೆ ಹೋಯಿತು, ಆದರೆ ತೆಗೆಯಲಿಲ್ಲ.

"ಬೇಡ ಕಣಪ್ಪ."

"ಯಾಕೆ ಸಾವ್ಕಾರ್ರೇ? ಇನ್ನೂ ಇಳಿಸ್ತೀರಾ?"

"ಪುಕ್ಸಟ್ಟೆ ಕೊಟ್ರೆ ಮಾತ್ರ ತಗೋಬೋದು. ಕರಿಯಪ್ಪ, ಆ ಐವತ್ತೆಂಟು ಸಾವಿರ ಕಂಪ್ನಿ ಕುಯ್ದಿದ್ದು ನಿಜ. ಚಾಕು ಕೊಟ್ಟಿದ್ದು ನಾನು." ಆಮೇಲೆ ಎಲ್ಲವನ್ನೂ ಹೇಳಿದರು. ಮೂರು ಸಾವಿರದ ರೂಮು, ನಾಲ್ಕೂವರೆ ಸಾವಿರದ ರೂಮು, ಮೂರರಲ್ಲಿ ಎರಡು ಪಾಲು. ಸ್ಪಂದನಾ ಎರಡು ಸಲ ಬಾಯಿ ತೆರೆದದ್ದು, ತಾವು ಬೆಳ್ಳಿ ತಗಡಿನ ಜೋಕು ಮಾಡಿದ್ದು. "ತಾಹೇರಮ್ಮನ ಪಕ್ಕದ ಮಂಚ ಖಾಲಿ ಇತ್ತಲ್ಲ, ಅಲ್ಲಿ ಮಲಗ್ಸಿದ್ರೆ ನೀನೂ ಹತ್ತು ಸಾವಿರ ಕೊಟ್ಟು ಮನೆಗೆ ಹೋಗ್ತಿದ್ದೆ. ಡಿಸ್ಚಾರ್ಜ್ ದಿನವೇ ನನಗೆ ಗೊತ್ತಾಯ್ತು. ಹೇಳಕ್ಕೆ ಬಾಯಿ ಬರ್ಲಿಲ್ಲ. ನಿನ್ನ ಕಾಫಿ ಕುಡ್ಕೊಂಡು ಬಂದೆ."

ಕರಿಯಪ್ಪ ಸ್ಪಂದನಾಳನ್ನು ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು. ಕರಿಯಪ್ಪ ದೇವರಾಜುವಿನ ಕೈಯಿಂದ ಪೆನ್ನು ತೆಗೆದುಕೊಂಡು ಟೇಬಲ್ಲಿನ ಮೇಲಿಟ್ಟ. "ಆ ಇಬ್ರು ಇರೋ ರೂಮೇ ಹಾಕವ್ವ" ಎಂದ. ಸಿದ್ದಗಂಗಯ್ಯನವರಿಗೆ ಬೆನ್ನು ಹಾಕಿ ಅತ್ತಿಗೆಯ ಪಕ್ಕ ಹೋಗಿ ಕೂತ. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕಾದರೆ ಒಂದು ಮರುಮಾತು ಇರುತ್ತದೆ.

ವಾಪಸು ಬರುವಾಗ ಮಾಗಡಿ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಇಷ್ಟು ವರ್ಷವೂ ಜೊತೆಯಲ್ಲಿ ಹೋದಾಗ ಟಿಕೆಟ್ಟು ಕರಿಯಪ್ಪನದೇ. ಸಿದ್ದಗಂಗಯ್ಯ ಜೇಬಿಗೆ ಕೈ ಹಾಕಿದರೆ ಅವನು ಜಗಳಕ್ಕೆ ಬರುತ್ತಿದ್ದ. ಕಂಡಕ್ಟರು ಬಂದ.

"ಮಾಗಡಿ, ಒಂದು" ಎಂದ ಕರಿಯಪ್ಪ.

ಸಿದ್ದಗಂಗಯ್ಯ ತಮ್ಮ ಟಿಕೆಟ್ಟು ತಾವು ಕೊಂಡರು. ಅಷ್ಟು ದುಬಾರಿಯ ಟಿಕೆಟ್ಟನ್ನು ಅವರು ಜೀವನದಲ್ಲಿ ಕೊಂಡಿರಲಿಲ್ಲ. ದಾರಿಯುದ್ದಕ್ಕೂ ಕರಿಯಪ್ಪ ಕಿಟಕಿಯಾಚೆ ನೋಡುತ್ತಿದ್ದ. ಊರು ಹತ್ತಿರ ಬಂದಾಗ ಮಾತ್ರ, ಕಿಟಕಿಗೇ ಹೇಳುವಂತೆ, "ಅದ್ಕೇನಾ ಇಪ್ಪತ್ತಾರು ಅಂದಿದ್ದು?" ಎಂದ. ಸಿದ್ದಗಂಗಯ್ಯ ಹೂಂ ಎಂದರು.

ಮುಂದಿನ ಸೋಮವಾರ ಟ್ರಾಕ್ಟರು ಮತ್ತೆ ಮಂಡಿಗೆ ಬಂತು. ಬೇರೆ ಊರಿನ ಇಬ್ಬರು ಮೂವರು ರೈತರೂ ಅಲ್ಲಿದ್ದರು. ಪೇಟೆಯಲ್ಲಿ ಕಾಯಿ ಹದಿನಾರು. ಕರಿಯಪ್ಪ ಇಳಿದು ಬಂದು ಎದುರಿಗೆ ನಿಂತ.

"ಆವತ್ತಿನ ರೇಟು" ಎಂದ.

"ಆಗ್ಲಿ."

ಸಿದ್ದಗಂಗಯ್ಯನವರ ತಲೆ ತನ್ನಷ್ಟಕ್ಕೆ ಲೆಕ್ಕ ಮಾಡಿತು. ಕಾಯಿಗೆ ಹತ್ತು ರೂಪಾಯಿ ಜಾಸ್ತಿ, ನಾಲ್ಕು ಸಾವಿರ ಕಾಯಿಗೆ ನಲವತ್ತು ಸಾವಿರ. ಹೇಗೂ ಕೊಡಬೇಕಿದ್ದ ಹತ್ತಿ, ಗ್ಲೌಸಿನ ಹತ್ತೂವರೆ ಕಳೆದರೆ ತಮ್ಮಿಂದ ಅವನಿಗಾದ ನಷ್ಟ ನಲವತ್ತೇಳೂವರೆ ಸಾವಿರ. ‘ಏಳೂವರೆ ಉಳೀತು’ ಎಂದು ಒಳಗಿದ್ದ ವ್ಯಾಪಾರಿ ಸಣ್ಣಗೆ ಹೇಳಿದ. ಅವನ ಮಾತು ಕೇಳಿ ಸಿದ್ದಗಂಗಯ್ಯನವರಿಗೆ ಕಿವಿಯ ತುದಿಯವರೆಗೂ ನಾಚಿಕೆಯಾಯಿತು. ಒಳಗೆ ಹೋಗಿ ಆ ಏಳೂವರೆಯನ್ನೂ ಸೇರಿಸಿ ತಂದರು.

ಕರಿಯಪ್ಪ ದುಡ್ಡು ತೆಗೆದುಕೊಳ್ಳುವ ಮೊದಲು ಟ್ರಾಕ್ಟರಿನ ಮೇಲಿಂದ ಒಂದು ಚೀಲ ತಾನೇ ಎಳೆದು, ಬಾಯಿ ಬಿಚ್ಚಿ, ಎಲ್ಲರ ಮುಂದೆ ಸುರಿದ. ಕಾಯಿ ಎಲ್ಲ ಮುಷ್ಟಿಯಷ್ಟು, ಒಣಕಲು. ಅಂಥ ಚೀಲವನ್ನು ರೈತ ತಳಕ್ಕೆ ಹಾಕಿ ತರುತ್ತಾನೆ, ಮೇಲಕ್ಕಲ್ಲ.

"ಒಂದು ಚೀಲ ಹಿಂಗೈತೆ. ಏನ್ ಮಾಡ್ತೀರಾ ಸಾವ್ಕಾರ್ರೇ?"

ಮಿಕ್ಕ ರೈತರು ಕತ್ತು ಚಾಚಿದರು. ಇಪ್ಪತ್ತೈದು ವರ್ಷದ ಕಾನೂನು ನೆಲದ ಮೇಲೆ ಉರುಳಾಡುತ್ತಿತ್ತು. ಸಿದ್ದಗಂಗಯ್ಯ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ನೀರಿರಲಿಲ್ಲ.

"ಆ ಚೀಲಕ್ಕೆ ಆ ಚೀಲದ ರೇಟು," ಎಂದರು. "ಮಿಕ್ಕಿದ್ದಕ್ಕೆ ಮಿಕ್ಕಿದ್ದರ ರೇಟು."

"ನಮಗೂ ಹಂಗೇನಾ?" ಎಂದ ಹಿಂದಿನಿಂದ ಒಬ್ಬ.

"ಎಲ್ಲಾರ್ಗೂ."

"ಇದನ್ನ ಆ ಕಂಪ್ನ್ಯೋರಿಗೂ ಒಸಿ ಹೇಳ್ಕೊಡಿ" ಎಂದ ಕರಿಯಪ್ಪ. ಅವನ ಮೀಸೆಯ ಕೆಳಗೆ ನಗುವಿನಂಥದ್ದೇನೋ ಬಂದು, ಹೊರಗೆ ಬರುವುದೋ ಬೇಡವೋ ಎಂದು ಯೋಚಿಸಿ, ಒಳಗೇ ಹೋಯಿತು. ದುಡ್ಡನ್ನು ಎಣಿಸಿ ಟವೆಲ್ಲಿನಲ್ಲಿ ಸುತ್ತಿಕೊಂಡ. ಎಣಿಸಿದ್ದು ಅದೇ ಮೊದಲು. ಇಪ್ಪತ್ತು ವರ್ಷ ಎಣಿಸದೆ ತೆಗೆದುಕೊಂಡು ಹೋಗುತ್ತಿದ್ದ.

ಸಿದ್ದಗಂಗಯ್ಯ ಕಾಫಿ ತರಿಸಿದರು. ಕರಿಯಪ್ಪ ನಿಂತುಕೊಂಡೇ ಕುಡಿದ. ಲೋಟ ಕೆಳಗಿಟ್ಟು ಟ್ರಾಕ್ಟರ್ ಹತ್ತಿದವನು, ಏನೋ ನೆನಪಾದಂತೆ ತಿರುಗಿದ.

"ನಮ್ಮೋಳು ತಾಹೇರಮ್ಮನ್ನ ನೋಡ್ಬೇಕು ಅಂತ ಹಟ ಹಿಡಿದವ್ಳೆ. ವಾರದಲ್ಲಿ ರಾಮನಗರಕ್ಕೆ ಕರ್ಕೊಂಡೋಗ್ಬೇಕು. ಶೀಟಿನ ಅಂಗಡೀಗೂ ಅಲ್ಲೇ ಹೋಗ್ಬೇಕು, ರೇಟು ಮಾತಾಡಕ್ಕೆ."

ಸಿದ್ದಗಂಗಯ್ಯನವರ ಬೆನ್ನು ತನ್ನಷ್ಟಕ್ಕೆ ನೆಟ್ಟಗಾಯಿತು. ಟವೆಲ್ಲು ಹೆಗಲಿಗೆ ಏರಿತು. "ಯಾವತ್ತು ಹೋಗನಪ್ಪ?" ಎಂದರು.

"ನಾನೇ ಮಾತಾಡ್ಕೋತೀನಿ ಬುಡಿ" ಎಂದ ಕರಿಯಪ್ಪ.